ಶುಲ್ಕ ಮನ್ನಾ

ಬೆಳಿಗ್ಗೆ ಏಳೂವರೆಗೆ ಸ್ವರೂಪನ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಸಲ ನಡುಗಿ ಸುಮ್ಮನಾಯಿತು. ಈರುಳ್ಳಿ ಹೆಚ್ಚುತ್ತಿದ್ದ ಗಗನ ಕೈ ನಿಲ್ಲಿಸಲಿಲ್ಲ. ಗಂಡ ಸತ್ತ ಮೊದಲ ತಿಂಗಳು ಆ ಫೋನಿಗೆ ಯಾರ್ಯಾರೋ ಕರೆ ಮಾಡುತ್ತಿದ್ದರು. ಔಷಧಿ ಅಂಗಡಿಗಳವರು, ಕಂಪನಿಯ ಮ್ಯಾನೇಜರು, ಮಾತ್ರೆಯ ಸ್ಯಾಂಪಲ್ಲು ಇನ್ನೂ ಬರಲಿಲ್ಲವೆಂದು ಮಳವಳ್ಳಿಯ ಒಬ್ಬ ಡಾಕ್ಟರು. ವಿಷಯ ತಿಳಿದ ಹಾಗೆ ಒಬ್ಬೊಬ್ಬರಾಗಿ ನಿಂತುಹೋದರು. ವರ್ಷದ ಮೇಲೆ ಉಳಿದದ್ದು ಬ್ಯಾಂಕು ಮಾತ್ರ. ಬ್ಯಾಂಕಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಗಗನ. ಅವಳು ಪ್ರತಿದಿನ ಆ ಫೋನನ್ನು ಚಾರ್ಜಿಗೆ ಹಾಕುತ್ತಿದ್ದಳು, ತಿಂಗಳಿಗೊಮ್ಮೆ ಕರೆನ್ಸಿ ಹಾಕಿಸುತ್ತಿದ್ದಳು, ಕಾರ್ಡಿನ ಬಿಲ್ಲು ಬಂದ ದಿನವೇ ಕಟ್ಟುತ್ತಿದ್ದಳು. ಈರುಳ್ಳಿ ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನೋಡಿದಳು. ಪ್ರಿಯ ಸ್ವರೂಪ್, ಇನ್ನು ಕೇವಲ 7,860 ರೂಪಾಯಿ ಖರ್ಚು ಮಾಡಿ, ಈ ವರ್ಷದ ಶುಲ್ಕ ಮನ್ನಾ ಮಾಡಿಸಿಕೊಳ್ಳಿ. ಇಂದೇ ಕೊನೆಯ ದಿನ.

"ಯಾರವ್ವ ಅದು?" ಎಂದು ನಡುಮನೆಯಿಂದ ಅತ್ತೆ ಯಶೋದಮ್ಮ ಕೇಳಿದರು.

"ಬ್ಯಾಂಕಿನೋರು, ಅತ್ತೆ."

"ಏನಂತೆ?"

"ಏನಿಲ್ಲ. ಕಾರ್ಡಿಂದು."

"ಅವ್ರಾದ್ರೂ ಮರೀಲಿಲ್ವಲ್ಲ ಬುಡು," ಎಂದರು ಯಶೋದಮ್ಮ.

ಪಂಚಾಂಗದ ಪ್ರಕಾರ ವರ್ಷ ಮುಗಿದು ಹನ್ನೊಂದು ದಿನವಾಗಿತ್ತು. ವರ್ಷದ ತಿಥಿ ಮಾಡಿ, ಎಡೆ ಇಟ್ಟು, ನೆಂಟರು ಉಂಡು ಹೋಗಿದ್ದರು. ಎಡೆಯ ಮುಂದೆ ಇಟ್ಟ ಹೊಸ ಪಂಚೆ, ಅಂಗಿ ಎರಡೂ ಅವನ ಕಾರ್ಡಿನ ಪಾಯಿಂಟಿನಲ್ಲೇ ಬಂದವು. ನನ್ ಮಗನ ಸಂಪಾದ್ನೇಲೇ ತರ್ಸವ್ವ ಎಂದು ಅತ್ತೆ ಹಟ ಹಿಡಿದಿದ್ದರು. ಇಂಗ್ಲಿಷ್ ತಾರೀಖಿನ ಪ್ರಕಾರ ವರ್ಷ ತುಂಬುವುದು ಇವತ್ತು, ಹದಿನೇಳಕ್ಕೆ. ಅದನ್ನು ನೆನಪಿಟ್ಟವರು ಇಬ್ಬರೇ, ತಾನು ಮತ್ತು ಬ್ಯಾಂಕು. ಕಾರ್ಡಿನ ವರ್ಷ ಮುಗಿಯುವುದೂ ಅದೇ ತಾರೀಖು. ಅದು ಕಾಕತಾಳೀಯವಲ್ಲ ಎನ್ನುವುದು ಅವಳೊಬ್ಬಳಿಗೆ ಗೊತ್ತಿತ್ತು.

ಸ್ವರೂಪ ಮೆಡಿಕಲ್ ರೆಪ್ ಆಗಿದ್ದ. ಮಂಡ್ಯ, ಮದ್ದೂರು, ಮಳವಳ್ಳಿ ಅವನ ಸುತ್ತು. ಆರು ವರ್ಷದ ಹಿಂದೆ ಕಂಪನಿಯವರ ಜೊತೆ ಬಂದ ಬ್ಯಾಂಕಿನವನೊಬ್ಬ ಈ ಕಾರ್ಡು ಕೊಟ್ಟು ಹೋದ. ನೂರು ರೂಪಾಯಿಗೆ ಎರಡು ಪಾಯಿಂಟು, ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಊಟ. ಮಂಡ್ಯಕ್ಕೆ ಏರ್‌ಪೋರ್ಟ್ ಬರ್ಲಿ ತಡಿ, ದಿನಾ ಅಲ್ಲೇ ಉಂಡ್ಕೊಂಡ್ ಬರಾನ ಎಂದು ಅವನು ನಗಾಡುತ್ತಿದ್ದ. ವರ್ಷಕ್ಕೆ ತೆರಿಗೆ ಸೇರಿ ಎರಡು ಸಾವಿರದ ಒಂಬೈನೂರ ಐವತ್ತು ಶುಲ್ಕ. ಎರಡು ಲಕ್ಷ ಖರ್ಚು ತೋರಿಸಿದರೆ ಶುಲ್ಕ ಮನ್ನಾ. ಎರಡು ಲಕ್ಷ ಅವರ ಮನೆಯ ಖರ್ಚಲ್ಲ. ದಾರಿ ಕಂಡುಹಿಡಿದವಳು ಎಂ.ಕಾಂ. ಓದಿದ ಗಗನ. ನೆಂಟರಿಷ್ಟರು ಏನು ಕೊಂಡರೂ ದುಡ್ಡನ್ನು ಸ್ವರೂಪನ ಕೈಗೆ ಕೊಡುವುದು, ಅಂಗಡಿಯಲ್ಲಿ ಅವನು ಕಾರ್ಡು ಉಜ್ಜುವುದು. ಕೆರಗೋಡಿನ ಚಿಕ್ಕಮ್ಮನ ಫ್ರಿಡ್ಜು, ಯಾರದೋ ಮಗಳ ಮದುವೆ ಸೀರೆ, ಪಂಪಿನ ಮೋಟರು, ಎಲ್ಲವೂ ಹಾಗೇ ಆದವು. ನಮ್ ಸ್ವರೂಪನ ಕೈಲಿ ಉಜ್ಸುದ್ರೆ ಅವನ್ಗೊಂದೆರಡು ಪಾಯಿಂಟು ಬೀಳ್ತದೆ ಎನ್ನುವುದು ಆ ಬಳಗದಲ್ಲಿ ಒಂದು ಮರ್ಯಾದೆಯ ಮಾತಾಯಿತು. ಅವನು ಸತ್ತ ಮೇಲೂ ಅದು ನಿಲ್ಲಲಿಲ್ಲ. ಈಗ ಅವರು ಮುಖ ಸಣ್ಣದು ಮಾಡಿಕೊಂಡು ಬಂದು, ಅವನ್ ಹೆಸ್ರಲ್ಲಿ ಒಸಿ ಉಜ್ಜಿಕೊಡವ್ವ ಎಂದು ದುಡ್ಡು ಹಿಡಿದು ನಿಲ್ಲುತ್ತಿದ್ದರು, ದೇವರ ಹುಂಡಿಗೆ ಹಾಕಲು ಬಂದವರ ಹಾಗೆ. ಕಾರ್ಡು ಇರುವುದು ಅವನ ಫೋಟೋದ ಕೆಳಗಿನ ತಟ್ಟೆಯಲ್ಲಿ. ಆಯುಧಪೂಜೆಯ ದಿನ ಮೈದುನ ಶಶಿಧರ್ ತನ್ನ ಮೋಟರ್ ವೈಂಡಿಂಗ್ ಅಂಗಡಿಯ ಸ್ಪ್ಯಾನರುಗಳ ಜೊತೆ ಅದನ್ನೂ ಇಟ್ಟು, ನಮ್ಮಣ್ಣನ ಆಯುಧ ಇದೇಯ ಎಂದು ಕುಂಕುಮ ಹಚ್ಚಿದ್ದ. ಆ ಕುಂಕುಮವನ್ನು ಯಾರೂ ಒರೆಸಿರಲಿಲ್ಲ. ಅಂಗಡಿಯವರು ಕಾರ್ಡು ಹಿಡಿದು ಒಂದು ಕ್ಷಣ ಅವಳ ಹಣೆ ನೋಡುತ್ತಿದ್ದರು.

ಶಶಿಧರ್ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಅಡುಗೆಮನೆಗೆ ಬಂದು ಫೋನು ಎತ್ತಿಕೊಂಡ.

"ಇವತ್ತೇ ಲಾಸ್ಟಂತಲ್ಲ ಅತ್ಗೆ. ಏಳ್ ಸಾವ್ರದ ಎಂಟ್ನೂರ ಅರವತ್ತು."

"ನೋಡಿದೆ. ಬಿಡಿ ಶಶಿ. ಈ ಸಲ ಶುಲ್ಕ ಹೋದ್ರೆ ಹೋಗ್ಲಿ. ಕಾರ್ಡೇ ತೆಗೆಸಿಬಿಡೋಣ ಅಂತಿದೀನಿ."

"ತೆಗ್ಸೋದಾ?" ಅವನು ನಗಲಿಲ್ಲ. "ಮೂರ್ ಸಾವ್ರ ಸುಮ್ಕೆ ಗುಂಡಿಗಾಕ್ದಂಗೆ ಅಂತ ನೀವೇ ತಾನೇ ಲೆಕ್ಕ ಯೋಳ್ಕೊಟ್ಟೋರು. ಬಾಬು ಜಾನ್ ಅವ್ನಲ್ಲ, ನಮ್ ಪಕ್ಕದ್ ಗ್ಯಾರೇಜು, ಅವ್ನಿಗೆ ಮದ್ದೂರಲ್ಲಿ ಎರಡ್ ಟೈರ್ ಬೇಕಂತೆ. ಎಂಟ್ ಸಾವ್ರ ಆಯ್ತದೆ. ಸಂಜೆ ಟೀ ಕುಡ್ದು ಓಗಿ ಉಜ್ಜಿ ಬತ್ತೀನಿ."

"ಸಂಜೆ ಬೇಡ. ಇಲ್ಲೇ ಮಂಡ್ಯದಲ್ಲಿ ಏನಾದ್ರೂ ತಗೊಳ್ಳಿ."

"ನಮಗೇನ್ ಬೇಕು ಯೋಳಿ? ಬ್ಯಾಡ್ದಿರೋದ್ನ ಎಂಟ್ ಸಾವ್ರ ಕೊಟ್ ತಕೊಂಡು ಮೂರ್ ಸಾವ್ರ ಉಳ್ಸೋದಾ? ಅಣ್ಣ ಮೇಲಿಂದ ನಕ್ಬುಡ್ತಾನೆ."

ನಡುಮನೆಯಿಂದ ಯಶೋದಮ್ಮನ ದನಿ ಬಂತು. "ಅದ್ಯಾಕ್ ತೆಗ್ಸೋದು? ಅವನ್ದು ಅಂತ ಇನ್ನೇನ್ ಉಳಿದದೆ? ಇರ್ಲಿ ಬುಡು ಅದೊಂದು." ಶಶಿಧರ್ ಫೋಟೋದ ತಟ್ಟೆಯಿಂದ ಕಾರ್ಡು ತೆಗೆದು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡಿದ್ದು ಗಗನಳಿಗೆ ಬಾಗಿಲ ಸಂದಿಯಿಂದ ಕಾಣಿಸಿತು. ಅವನ ಬೆನ್ನು ಅಣ್ಣನ ಬೆನ್ನೇ. ಜೇಬಿಗೆ ಕೈ ಹಾಕುವಾಗ ಎಡ ಭುಜ ಒಸಿ ಇಳಿಯುವುದೂ ಹಾಗೇ. ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಅವಳು ಸಾಸಿವೆ ಹಾಕುವುದನ್ನು ಮರೆತು ನೋಡುತ್ತ ನಿಂತಳು.

ಮದ್ದೂರಿನ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎದುರಿಗೆ ಸಾಲುಗಟ್ಟಿ ಬರುತ್ತಿದ್ದವು. ಟ್ರೇಲರಿನಿಂದ ಹೊರಚಾಚಿದ ಜಲ್ಲೆಗಳು ಬಸ್ಸಿಗೆ ತಾಗಿದಾಗ ಹೆಂಗಸರು ಕೈ ಒಳಗೆಳೆದುಕೊಳ್ಳುತ್ತಿದ್ದರು. ಕಳೆದ ವರ್ಷ ಇದೇ ಹದಿನೇಳಕ್ಕೆ ಅವಳು ಇದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ, ಬಂದು, ಸಂಜೆ ಐದೂವರೆಗೆ ಲ್ಯಾಪ್‌ಟಾಪು ತೆಗೆದು ಕಾರ್ಡಿನ ಲೆಕ್ಕ ನೋಡಿದ್ದಳು. ಇನ್ನು ಆರು ಸಾವಿರದ ಮುನ್ನೂರು ಬಾಕಿ ಇತ್ತು. ಸ್ವರೂಪ ಮಳವಳ್ಳಿಯಿಂದ ಬಂದು ಷೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಳಿತಿದ್ದ. ಮೈ ಬೆಚ್ಚಗಿತ್ತು, ಕಣ್ಣು ಕೆಂಪಗಿತ್ತು. ಈ ಕಾರ್ಡಿನ ಸಾವಾಸ ಸಾಕು ಗಗನ, ತೆಗೆಸಿಬಿಡೋಣ ಎಂದಿದ್ದ. ಅವಳು ತಲೆ ಎತ್ತದೆ, ನಿಮಗೆ ಎಲ್ಲದೂ ಬಿಡೋದೇ, ಮನೆ ಕಟ್ಟೋದೂ ಬಿಡಿ, ಪ್ರಮೋಷನ್ನೂ ಬಿಡಿ ಎಂದಿದ್ದಳು. ಆಮೇಲೆ ಎದ್ದು ಹೋಗಿ, ಅವನ ಎದುರಿಗೇ, ಸೋಮನಹಳ್ಳಿಯ ನಾಗಯ್ಯನಿಗೆ ಫೋನ್ ಮಾಡಿದ್ದಳು. ನಾಗಯ್ಯ ಯಶೋದಮ್ಮನ ಚಿಕ್ಕಪ್ಪನ ಮಗ, ಅಲ್ಲಿ ಸಣ್ಣ ಲೇತ್ ವರ್ಕ್‌ಶಾಪು ಇಟ್ಟುಕೊಂಡವನು. ಅವನ ಲಗೇಜ್ ಆಟೋದ ಬ್ಯಾಟರಿ ಇಳಿದಿದೆ ಎಂದು ಯಾವತ್ತೋ ಹೇಳಿದ್ದು ಅವಳಿಗೆ ನೆನಪಿತ್ತು. ಮುಂದಿನ್ ವಾರ ಸಾಕು ಕಣ್ ಮಗ, ಅವಸ್ರ ಇಲ್ಲ ಎಂದಿದ್ದ ನಾಗಯ್ಯ. ಇಲ್ಲ ಮಾವ, ಇವತ್ತೇ ತಗೊಳ್ಳಿ, ಮದ್ದೂರಲ್ಲಿ ಉಜ್ಜಿ ಇವರೇ ತಂದುಕೊಡ್ತಾರೆ, ನಮಗೆ ಶುಲ್ಕ ಉಳಿಯುತ್ತೆ ಎಂದು ಅವಳು ನಗುನಗುತ್ತ ಒತ್ತಾಯ ಮಾಡಿದ್ದಳು. ಸ್ವರೂಪ ಎದ್ದು ಬೈಕಿನ ಕೀಲಿ ತೆಗೆದುಕೊಂಡ. ಎಲ್ಲಿಗ್ಲಾ ಎಂದು ಅಂಗಳದಲ್ಲಿದ್ದ ತಾಯಿ ಕೇಳಿದ್ದಕ್ಕೆ, ನಾಗಯ್ಯಂಗೆ ಬ್ಯಾಟ್ರಿ ಬೇಕಂತೆ ಕಣವ್ವ, ಕೊಟ್ ಬತ್ತೀನಿ ಎಂದ. ಹೆಂಡತಿಯ ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅವಳು ಒಂದು ವರ್ಷದಿಂದ ಯೋಚಿಸುತ್ತಿದ್ದಾಳೆ. ಸುಮ್ಮನೆ ಬಾಯಿಗೆ ಬಂದ ಮಾತಿರಬಹುದು.

ಮೂರನೇ ವರ್ಷದ ಬಿ.ಕಾಂ. ಕ್ಲಾಸಿನಲ್ಲಿ ಬ್ಯಾಂಕಿಂಗ್ ಕಾನೂನಿನ ಟಿಪ್ಪಣಿ ಬರೆಸಬೇಕಿತ್ತು. ಗ್ರಾಹಕನ ಚೆಕ್ಕನ್ನು ಬ್ಯಾಂಕು ಯಾವಾಗ ನಿಲ್ಲಿಸಬೇಕು ಎಂಬ ಪಾಠ. ಗ್ರಾಹಕನು ತಾನೇ ತಡೆದಾಗ, ನ್ಯಾಯಾಲಯದ ಆದೇಶ ಬಂದಾಗ, ಎಂದು ನಿಧಾನವಾಗಿ ಹೇಳುತ್ತ ಹೋದಳು. ಐವತ್ತು ಪೆನ್ನುಗಳು ಹಿಂದೆ ಹಿಂದೆ ಬರುತ್ತಿದ್ದವು. ಗ್ರಾಹಕನ ಸಾವಿನ ಸೂಚನೆ ಬ್ಯಾಂಕಿಗೆ ತಲುಪಿದಾಗ. ಎರಡನೇ ಬೆಂಚಿನ ಜಾಕಿಯಾ ಕೈ ಎತ್ತಿದಳು.

"ಮ್ಯಾಮ್, ಸತ್ತಾಗ್ಲಾ, ಸೂಚನೆ ತಲುಪಿದಾಗ್ಲಾ?"

"ತಲುಪಿದಾಗ."

"ಅಲ್ಲೀಗಂಟ ಬ್ಯಾಂಕಿನ ಲೆಕ್ಕದಲ್ಲಿ ಅವ್ರು ಬದುಕಿರ್ತಾರಾ ಮ್ಯಾಮ್?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. "ಹೌದು," ಎಂದಳು ಗಗನ.

"ಮನೆಯೋರು ಯೋಳ್ದೆ ಇದ್ಬುಟ್ರೆ?"

"ಹೇಳಬೇಕು," ಎಂದಳು. ತನ್ನ ದನಿ ಗೋಡೆಯ ಆ ಬದಿಯಿಂದ ಬಂದಂತೆ ಕೇಳಿಸಿತು. ಜಾಕಿಯಾ ತಲೆ ಬಗ್ಗಿಸಿ ಅದನ್ನೂ ಬರೆದುಕೊಂಡಳು: ಹೇಳಬೇಕು. ಗಗನ ಬೋರ್ಡಿನ ಕಡೆ ತಿರುಗಿದಳು. ಬೆನ್ನ ಮೇಲೆ ಐವತ್ತು ಜೊತೆ ಕಣ್ಣುಗಳಿದ್ದವು. ಇವರಲ್ಲಿ ಯಾರ ಮನೆಯವರಾದರೂ ತನ್ನ ಹತ್ತಿರ ಕಾರ್ಡು ಉಜ್ಜಿಸಿಕೊಂಡಿರಬಹುದೆ ಎಂದು ಯೋಚನೆ ಬಂದು ಸೀಮೆಸುಣ್ಣದ ಕಡ್ಡಿ ಬೆರಳಲ್ಲಿ ಮುರಿಯಿತು. ಯಾರಾದರೂ ಒಬ್ಬ ಬಾಯಿಬಿಟ್ಟರೆ ಸಾಕು. ವರ್ಷವಿಡೀ ಸತ್ತವನ ಕಾರ್ಡು ಉಜ್ಜಿದ ಬ್ಯಾಂಕಿಂಗ್ ಮೇಡಂ. ಆದರೆ ಅವಳು ಹೆದರಿದ್ದು ಅದಕ್ಕಲ್ಲ. ಅದು ಹೊರಗೆ ಬಂದರೆ ಒಂದು ಕಡೆಯಿಂದ ಸಮಾಧಾನವೇ ಆಗುತ್ತಿತ್ತೇನೋ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿಟ್ಟಳು. ಹೋದ ವರ್ಷ ಅವತ್ತು ಸಂಜೆ ಆರೂ ಐವತ್ತಕ್ಕೆ ಅವಳ ಫೋನಿಗೆ ಮದ್ದೂರಿನ ಅಂಗಡಿಯಿಂದ ಅವನ ಸಂದೇಶ ಬಂದಿತ್ತು: ಉಜ್ಜಾಯ್ತು, 6,400. ಅವಳು ಹೆಬ್ಬೆರಳಿನ ಚಿತ್ರ ಕಳಿಸಿದ್ದಳು. ಸೋಮನಹಳ್ಳಿಯಲ್ಲಿ ಬ್ಯಾಟರಿ ಇಳಿಸಿ, ನಾಗಯ್ಯ ಕೊಟ್ಟ ದುಡ್ಡು ಈಸಿಕೊಂಡು, ಕಾಫಿ ಬೇಡವೆಂದು ಹೊರಟವನು ಸರ್ವಿಸ್ ರಸ್ತೆಯಲ್ಲಿ ದೀಪವಿಲ್ಲದೆ ನಿಲ್ಲಿಸಿದ್ದ ಲಾರಿಗೆ ಹಿಂದಿನಿಂದ ಹೊಡೆದಿದ್ದ. ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಶವಾಗಾರದ ಹೊರಗಿನ ಸಿಮೆಂಟು ಬೆಂಚಿನ ಮೇಲೆ ಅವಳು ಕುಳಿತಿದ್ದಾಗ ಪೊಲೀಸಿನವನು ಪ್ಲಾಸ್ಟಿಕ್ ಕವರೊಂದನ್ನು ತಂದು ಕೈಗೆ ಕೊಟ್ಟ. ವಾಚು, ಪರ್ಸು, ಕಾರ್ಡು, ನೋಟು, ಫೋನು. ಗಾಜಿಗೆ ಒಂದು ಗೀರೂ ಇರಲಿಲ್ಲ. ಅವಳ ಕೈಯಲ್ಲಿರುವಾಗಲೇ ಅದು ನಡುಗಿತು. ಅಭಿನಂದನೆಗಳು ಸ್ವರೂಪ್, ನಿಮ್ಮ ಈ ವರ್ಷದ ಶುಲ್ಕ ಮನ್ನಾ ಆಗಿದೆ. ಅದನ್ನು ಓದಿದ ಕ್ಷಣ ಅವಳ ಮನಸ್ಸಿನಲ್ಲಿ, ಬೇರೆ ಯಾವುದೂ ಬರುವ ಮುಂಚೆ, ಸದ್ಯ ಎಂಬ ಮಾತು ಬಂತು. ಸದ್ಯ. ಅರೆಗಳಿಗೆ. ಆಮೇಲೆ ಅತ್ತಳು, ಬಿದ್ದಳು, ಎತ್ತಿ ನೀರು ಹಾಕಿದರು. ಆದರೆ ಆ ಮಾತು ಮೊದಲು ಬಂದಿತ್ತು. ಇದನ್ನು ಯಾರಿಗೂ ಹೇಳಲಾಗದು. ಹೇಳಿದರೂ ಅದು ಎಷ್ಟು ಚಿಕ್ಕದೋ ಅಷ್ಟೇ ಚಿಕ್ಕದಾಗಿ ಯಾರಿಗೂ ಕೇಳಿಸುವುದಿಲ್ಲ.

ಮತ್ತೆ ನಾಗಯ್ಯ. ಮನೆಯವರ ಲೆಕ್ಕದಲ್ಲಿ ಅವನು ಕರೆದ, ಮಗ ಹೋದ, ಸತ್ತ. ಯಶೋದಮ್ಮ ಹನ್ನೊಂದನೇ ದಿನದಿಂದಲೇ ಅವನ ಹೆಸರೆತ್ತಿ ಶಾಪ ಹಾಕಲು ಶುರು ಮಾಡಿದರು. ಬಳಗದಲ್ಲಿ ಅವನಿಗೆ ಮದುವೆ ಕಾಗದ ಹೋಗುವುದು ನಿಂತಿತು. ವರ್ಷದ ತಿಥಿಗೆ ಯಾರೂ ಕರೆಯದಿದ್ದರೂ ಬಂದಿದ್ದ, ಒಂದು ಚೀಲದಲ್ಲಿ ಎರಡು ತೆಂಗಿನಕಾಯಿ, ಹೂವು ಹಿಡಿದುಕೊಂಡು. ಗೇಟಿನ ಹತ್ತಿರವೇ ಯಶೋದಮ್ಮ ತಡೆದರು. ನನ್ ಮಗನ್ ತಿಂದೋನು, ಇನ್ನೇನ್ ತಿನ್ನಾಕ್ ಬಂದೆ? ನಿನ್ ಬ್ಯಾಟ್ರಿ ಚೆನ್ನಾಗ್ ಓಡ್ತಾ ಅದಾ? ನೆಂಟರೆಲ್ಲ ಊಟ ನಿಲ್ಲಿಸಿ ನೋಡಿದರು. ಗಗನ ಅಡುಗೆಮನೆಯ ಬಾಗಿಲಲ್ಲಿ ಪಾಯಸದ ಸೌಟು ಹಿಡಿದು ನಿಂತಿದ್ದಳು. ನಾಗಯ್ಯ ತಲೆ ಎತ್ತಿ ಅವಳನ್ನು ನೋಡಿದ. ಕೋಪದ ನೋಟವಾಗಿದ್ದರೆ ತಡೆಯಬಹುದಿತ್ತು. ಅವನು ಅವಳ ಕೈಯ ಸೌಟನ್ನು ನೋಡಿದ, ಪಾಯಸ ಸೀರೆಯ ಮೇಲೆ ತೊಟ್ಟಿಕ್ಕುತ್ತಿರುವುದನ್ನು ನೋಡಿದ. ಬಟ್ಟೆ ನೋಡ್ಕೊ ಮಗ ಎಂದ. ಕಾಯಿಯ ಚೀಲವನ್ನು ಗೇಟಿನ ಹೊರಗೆ ಇಟ್ಟು, ಬತ್ತೀನಿ ಕಣಕ್ಕ ಎಂದು ಹೋದ. ಅವಳು ಒಳಗೆ ಹೋಗಿ ಒಲೆಯ ಮುಂದೆ ನಿಂತು ಪಾಯಸ ತಿರುವಿದಳು. ತಳ ಹಿಡಿಯದಂತೆ ತಿರುವುತ್ತಲೇ ಇದ್ದಳು.

ಎರಡು ಗಂಟೆಗೆ ಕಾಲೇಜಿನ ಹಿಂದಿನ ಹೊಂಗೆ ಮರದ ಕೆಳಗೆ ಹೋಗಿ, ಚೀಲದಲ್ಲಿ ತಂದಿದ್ದ ಸ್ವರೂಪನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿದಳು. ಸೂಚನೆ ತಲುಪಿದರೆ ಕಾರ್ಡು ಸಾಯುತ್ತದೆ, ಕಾರ್ಡು ಸತ್ತರೆ ಶಶಿಧರ್ ಹೋಗಬೇಕಾಗಿಲ್ಲ. ಇಷ್ಟೇ. ಒಂದು ವಾಕ್ಯ. ಬಸ್ಸಿನಿಂದ ಇಳಿದಾಗಿನಿಂದ ಆ ವಾಕ್ಯವನ್ನು ಬಾಯಲ್ಲಿಟ್ಟುಕೊಂಡಿದ್ದಳು. ಕನ್ನಡಕ್ಕೆ ನಾಲ್ಕು ಒತ್ತಿದ ಮೇಲೆ ಒಂದು ಹುಡುಗಿ ಬಂದಳು.

"ನಮಸ್ಕಾರ, ನಾನು ವೀಣ. ಸ್ವರೂಪ್ ಸರ್ ಜೊತೆ ಮಾತಾಡ್ತಾ ಇದೀನಾ?"

"ನಾನು ಅವರ ಹೆಂಡತಿ. ಕಾರ್ಡು ಮುಚ್ಚಿಸಬೇಕಿತ್ತು."

"ಸರ್ ಅಲ್ಲಿದಾರಾ ಮೇಡಂ? ಮುಚ್ಚಿಸ್ಬೇಕು ಅಂದ್ರೆ ಅವರೇ ಮಾತಾಡ್ಬೇಕಾಗುತ್ತೆ."

"ಅವರು ಇಲ್ಲ."

"ಹೊರಗಡೆ ಹೋಗಿದಾರಾ?"

ಗಗನ ಮರದ ಬೊಡ್ಡೆಗೆ ಕೈಯೂರಿದಳು. ಕಟ್ಟಿರುವೆಯ ಸಾಲೊಂದು ಅವಳ ಬೆರಳುಗಳನ್ನು ಸುತ್ತಿ ಬೇರೆ ದಾರಿ ಹಿಡಿಯಿತು.

"ಯಾಕೆ ಮೇಡಂ, ಏನಾದ್ರೂ ತೊಂದ್ರೆ ಆಯ್ತಾ ಕಾರ್ಡಿಂದ?" ಎಂದಳು ವೀಣ. ಹುಡುಗಿಯ ದನಿ ನಿಜವಾಗಿ ಮೆತ್ತಗಿತ್ತು. "ಸರ್ ಆರು ವರ್ಷದಿಂದ ನಮ್ಮ ಜೊತೆ ಇದಾರೆ. ಒಂದು ದಿನಾನೂ ತಡ ಮಾಡಿಲ್ಲ. ಇಂಥೋರನ್ನ ಕಳ್ಕೊಳ್ಳೋಕೆ ನಮಗೆ ಇಷ್ಟ ಇಲ್ಲ ಮೇಡಂ."

"ಇಲ್ಲ, ತೊಂದ್ರೆ ಏನಿಲ್ಲ."

"ಯಾವಾಗ ಬರ್ತಾರೆ?"

"ಸಂಜೆ," ಎಂದಳು ಗಗನ.

"ಹಾಗಾದ್ರೆ ಒಳ್ಳೇದೇ ಆಯ್ತು. ಬರ್ತಾ ದಾರೀಲಿ ಎಲ್ಲಾದ್ರೂ ಒಂದ್ಸಲ ಖರ್ಚು ಮಾಡೋಕೆ ಹೇಳಿ. ಇವತ್ತು ಮಾಡಿದ್ರೆ ಶುಲ್ಕ ಬೀಳಲ್ಲ. ಇನ್ನೇನಾದ್ರೂ ಸಹಾಯ ಬೇಕಾ ಮೇಡಂ?"

ಬೇಡ ಎಂದು ಇಟ್ಟಳು. ನಾಲಿಗೆಯ ಮೇಲೆ ಸಂಜೆ ಎಂಬ ಮಾತು ಇನ್ನೂ ಇತ್ತು, ಅರ್ಧ ನುಂಗಿದ ಮಾತ್ರೆಯ ಹಾಗೆ. ಶಶಿಧರ್‌ಗೆ ಫೋನ್ ಮಾಡಿದಳು. ಹಿಂದೆ ಮೋಟರು ತಿರುಗುವ ಸದ್ದು, ಯಾರೋ ಬೈಯುವ ಸದ್ದು. ಶಶಿ, ಮದ್ದೂರಿಗೆ ಬರಬೇಡಿ, ನನಗ್ಯಾಕೋ ಸರಿ ಅನ್ನಿಸ್ತಿಲ್ಲ ಎಂದಳು. ಅವನು, "ಅಣ್ಣಂಗ್ ಆಯ್ತು ಅಂತ ನಾವ್ಯಾರೂ ರಸ್ತೆಗೇ ಇಳೀಬಾರ್ದಾ ಅತ್ಗೆ? ನೀವು ಓದಿರೋರು," ಎಂದ. ಕಾರಣ ಕೇಳಿದ ಹಾಗಿತ್ತು ಅದು. ಅವಳ ಹತ್ತಿರ ಒಂದು ಕಾರಣವಿತ್ತು, ಅದು ಅವನನ್ನು ನಿಲ್ಲಿಸುತ್ತಿತ್ತು. ಕಾರ್ಡಿಗೆ ಕುಂಕುಮ ಹಚ್ಚುವುದು ನಿಲ್ಲುತ್ತಿತ್ತು, ನೆಂಟರು ಬರುವುದು ನಿಲ್ಲುತ್ತಿತ್ತು. ಆ ಮನೆಯಲ್ಲಿ ಅವಳು ನಿಲ್ಲುವುದೂ.

ಐದೂ ನಲವತ್ತಕ್ಕೆ ಅವಳು ಮನೆಗೆ ಬಂದಾಗ ಬೈಕು ರಸ್ತೆಯ ಕಡೆ ಮುಖ ಮಾಡಿ ನಿಂತಿತ್ತು. ಶಶಿಧರ್ ಜಗಲಿಯ ಮೇಲೆ ಕುಳಿತು ಟೀ ಕುಡಿಯುತ್ತಿದ್ದ. ಅಂಗಿಯ ತೆಳುಜೇಬಿನಲ್ಲಿ ಕಾರ್ಡಿನ ಆಕಾರ, ಅದರ ಮೇಲಿನ ಕೆಂಪು ಮಚ್ಚೆಯ ಸಮೇತ ಕಾಣುತ್ತಿತ್ತು. ಯಶೋದಮ್ಮ ಅವನ ಪಕ್ಕ ಮೊರ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಬಿಸಿಲು ಎದುರು ಮನೆಯ ಟ್ಯಾಂಕಿನ ಮೇಲಷ್ಟೆ ಉಳಿದಿತ್ತು.

"ಬಂದ್ರಾ? ಸರಿ, ನಾನ್ ಒಂಟೆ," ಎಂದು ಶಶಿಧರ್ ಲೋಟ ಕೆಳಗಿಟ್ಟ. "ಎಂಟ್ ಗಂಟ್ಗೆಲ್ಲ ಬಂದ್ಬುಡ್ತೀನಿ ಕಣವ್ವ."

"ಶಶಿ, ಹೋಗಬೇಡಿ," ಎಂದಳು ಗಗನ.

"ಅಯ್ಯೋ, ಮತ್ತೆ ಅದೇ ರಾಗ—"

"ಅವತ್ತು ನಾಗಯ್ಯ ಮಾವ ಫೋನ್ ಮಾಡಿರಲಿಲ್ಲ."

ಚಪ್ಪಲಿಯನ್ನೂ ಬಿಟ್ಟಿರಲಿಲ್ಲ ಅವಳು. ಚೀಲ ಹೆಗಲಲ್ಲೇ ಇತ್ತು. ಯಶೋದಮ್ಮನ ಬೆರಳುಗಳು ಒಂದು ಕಾಳನ್ನು ಹಿಸುಕಿ, ಬೇಳೆಯನ್ನು ಬೇಳೆಯ ಕಡೆ ಹಾಕಿ, ನಿಂತವು.

"ಏನಂದೆ?"

"ನಾನು ಮಾಡಿದ್ದೆ ಅತ್ತೆ. ಮುಂದಿನ ವಾರ ಸಾಕು ಅಂದ್ರು ಅವರು. ಇವತ್ತೇ ತಗೊಳ್ಳಿ ಅಂತ ನಾನೇ ಬಲವಂತ ಮಾಡಿದೆ. ಕಾರ್ಡಿನ ಶುಲ್ಕಕ್ಕೆ. ಇವರಿಗೆ ಜ್ವರ ಬಂದಿತ್ತು. ಕಾರ್ಡು ಬೇಡ, ತೆಗೆಸೋಣ ಅಂದ್ರು. ನಾನೇ ಅಂದು ಆಡಿ ಕಳಿಸಿದೆ."

ಇಷ್ಟನ್ನೂ ಟಿಪ್ಪಣಿ ಬರೆಸುವ ದನಿಯಲ್ಲಿ ಹೇಳಿದಳು. ಬೇರೆ ದನಿ ಅವಳ ಹತ್ತಿರ ಉಳಿದಿರಲಿಲ್ಲ. ಶಶಿಧರ್ ಎದ್ದವನು ಮತ್ತೆ ಕುಳಿತ. ಪಕ್ಕದ ಮನೆಯ ಟಿ.ವಿ.ಯಲ್ಲಿ ಯಾರೋ ಹಬ್ಬದಡುಗೆ ಹೇಳಿಕೊಡುತ್ತಿದ್ದರು. ಯಶೋದಮ್ಮ ಬೇಳೆಯ ಕಡೆ ಬಿದ್ದ ಒಂದು ಸಿಪ್ಪೆಯನ್ನು ಸಿಪ್ಪೆಯ ಕಡೆ ತಳ್ಳಿದರು.

"ಎಷ್ಟ್ ಉಳೀತು?" ಎಂದರು.

"ಅತ್ತೆ?"

"ಅವತ್ತು. ಅವನ್ ಓಗಿ ಉಜ್ಜಿದ್ನಲ್ಲ. ನಿಂಗ್ ಎಷ್ಟ್ ಉಳೀತು ಅಂದೆ."

"ಎರಡು ಸಾವಿರದ ಒಂಬೈನೂರ ಐವತ್ತು."

ಯಶೋದಮ್ಮ ತಲೆಯಾಡಿಸಿದರು, ಸಂತೆಯಲ್ಲಿ ರೇಟು ಕೇಳಿದವರ ಹಾಗೆ. ಗಗನ ಹೊಡೆತಕ್ಕೆ ಕಾಯುತ್ತಿದ್ದಳು, ಕೂಗಿಗೆ ಕಾಯುತ್ತಿದ್ದಳು. ಯಾವುದೂ ಬರಲಿಲ್ಲ.

"ವರ್ಸದಿಂದ ನಾಗಯ್ಯನ್ನ ಬಾಯ್ಗ್ ಬಂದಂಗ್ ಅಂದೆ," ಎಂದರು ಯಶೋದಮ್ಮ, ಯಾರಿಗೂ ಅಲ್ಲದೆ. "ಊಟದ್ ಒತ್ನಲ್ಲಿ ಗೇಟಿಂದ ಆಚಿಕ್ ಕಳಿಸ್ದೆ. ಇವ್ಳು ಒಲೆ ಮುಂದೆ ನಿಂತಿದ್ಲು. ಅವ್ನಾದ್ರೂ ಒಂದ್ ಮಾತ್ ಯೋಳ್ಬಾರ್ದಾಗಿತ್ತಾ?" ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು. "ಶಶಿ, ಗಾಡಿ ತೆಗಿ."

"ಎಲ್ಲಿಗವ್ವ?"

"ಸೋಮ್ನಳ್ಳಿಗೆ. ನಾಗಯ್ಯನ ಮನೆಗೆ."

"ಈಗ್ಲಾ? ಕತ್ಲಾಯ್ತದೆ. ನಾಳೆ ಬೆಳಿಗ್ಗೆ ಓಗಾನ ಬುಡವ್ವ."

"ನಾಳೆಗಂಟ ಈ ಮಕ ಒತ್ಕೊಂಡ್ ಕುಂತಿರಾಕ್ ಆಗಾಕಿಲ್ಲ ಕಣ್ಲಾ. ತೆಗಿ ಅಂದ್ರೆ."

ಗಗನಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮದ್ದೂರಿಗೆ ಹೋಗಬೇಕಾಗಿದ್ದವನು ಒಬ್ಬ. ಈಗ ಅದರಾಚೆಗೆ ಇಬ್ಬರು. "ಅತ್ತೆ, ಬಸ್ಸಿನಲ್ಲಾದ್ರೂ—" ಎಂದಳು.

"ನೀನ್ ಯೋಳ್ಬ್ಯಾಡ," ಎಂದರು ಯಶೋದಮ್ಮ. ದನಿ ಏರಲಿಲ್ಲ. "ಯಾರ್ ಓಗ್ಬೇಕು ಯಾರ್ ಓಗ್ಬಾರ್ದು ಅಂತ ನೀನ್ ಇನ್ ಯೋಳ್ಬ್ಯಾಡ."

ಮಗನ ಜೇಬಿಗೆ ಕೈ ಹಾಕಿ ಕಾರ್ಡು ತೆಗೆದರು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಕುಂಕುಮವನ್ನು ಉಜ್ಜಿ ಉಜ್ಜಿ ಒರೆಸಿದರು, ಮಗುವಿನ ಮುಖ ಒರೆಸುವಷ್ಟು ಹೊತ್ತು. ಆಮೇಲೆ ಅದನ್ನು ಗಗನಳ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಇದ್ನ ನೀನೇ ಮಡಿಕ್ಕೊ," ಎಂದರು. ಕಾರ್ಡು ಒದ್ದೆಯಾಗಿ ಬೆಚ್ಚಗಿತ್ತು.

ಸೀರೆ ಮೊಣಕಾಲಿಗೆ ಎತ್ತಿ ಯಶೋದಮ್ಮ ಬೈಕಿನ ಹಿಂದೆ ಒಂದು ಪಕ್ಕಕ್ಕೆ ಕುಳಿತರು. ದೊಡ್ಡ ಮಗ ಸತ್ತ ಮೇಲೆ ಅವರು ಬೈಕು ಹತ್ತಿರಲಿಲ್ಲ. ಶಶಿಧರ್ ಅತ್ತಿಗೆಯ ಮುಖ ನೋಡದೆ ಹೆಲ್ಮೆಟ್ಟು ಹಾಕಿಕೊಂಡ. ತಾಯಿಗೆ ಹೆಲ್ಮೆಟ್ಟು ಇರಲಿಲ್ಲ. ಬೈಕು ಎರಡು ಒದೆತಕ್ಕೆ ಹೊತ್ತಿಕೊಳ್ಳಲಿಲ್ಲ, ಮೂರನೆಯದಕ್ಕೆ ಹೊತ್ತಿಕೊಂಡಿತು. ಹಿಂದಿನ ದೀಪ ಉರಿಯುತ್ತಿದೆಯೇ ಎಂದು ಗಗನ ಬಗ್ಗಿ ನೋಡಿದಳು. ಹಗಲು ಇನ್ನೂ ಪೂರ್ತಿ ಹೋಗಿರಲಿಲ್ಲ. ಉರಿಯುತ್ತಿದೆ ಎಂದೂ ಇಲ್ಲ ಎಂದೂ ಹೇಳುವಂತಿರಲಿಲ್ಲ.

"ಬಾಗ್ಲಾಕ್ಕೊ," ಎಂದರು ಯಶೋದಮ್ಮ ಬೈಕು ಸರಿಯುವಾಗ. "ಅನ್ನಕ್ಕಿಡು. ಅವ್ನೂ ಬಂದ್ರೆ ಉಣ್ಣಾಕ್ ಕರ್ಕೊಂಡ್ ಬತ್ತೀನಿ."

ತಿರುವಿನಲ್ಲಿ ಸದ್ದು ಸಣ್ಣದಾಗಿ, ಹೆದ್ದಾರಿಯ ಸದ್ದಿನಲ್ಲಿ ಕಲೆತು, ಯಾವುದು ಅವರದು ಎಂದು ತಿಳಿಯದಾಯಿತು. ಗಗನ ಒಳಗೆ ಬಂದು ಚಪ್ಪಲಿ ಬಿಟ್ಟಳು. ಕಾರ್ಡನ್ನು ಎಲ್ಲಿಡಬೇಕೆಂದು ತೋಚದೆ ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಅಡುಗೆಮನೆಯಲ್ಲಿ ದೀಪ ಹಾಕಿ, ಪಾತ್ರೆ ತೊಳೆದು, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಒಂದು ಪಾವು ತುಂಬಿ ಪಾತ್ರೆಗೆ ಸುರಿದಳು. ಇನ್ನೊಂದು ತುಂಬಿ ಡಬ್ಬಿಯ ಮೇಲೇ ಹಿಡಿದು ನಿಂತಳು. ಅಂಚಿನಿಂದ ಕಾಳುಗಳು ಒಂದೊಂದೇ ಕೆಳಗೆ ಜಾರುತ್ತಿದ್ದವು. ಎಷ್ಟು ಜನಕ್ಕೆ ಎಂದು ಯಾರನ್ನಾದರೂ ಕೇಳಬೇಕಿತ್ತು.